ಪ್ರಾರ್ಥನೆಗೆ ಕೂತರೆ ಏನೂ ಅನ್ನಿಸದಿದ್ದರೆ

ಕೆಲಸ, ಮಕ್ಕಳು, ಮನೆ ಅಂತ ಓಡಾಡಿ ರಾತ್ರಿ ಪ್ರಾರ್ಥನೆಗೆ ಕೂತರೆ ಏನೂ ಅನ್ನಿಸುವುದಿಲ್ಲ, ನನ್ನ ನಂಬಿಕೆ ಸತ್ತುಹೋಯಿತಾ ಎಂದು ಕೇಳಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ಸತ್ತಿದ್ದರೆ ಈ ಸಂಕಟ ಇರುತ್ತಿರಲಿಲ್ಲ ಅಲ್ವಾ?

ಒಮ್ಮೆ ಬೈಬಲ್‌ನ 88ನೇ ಕೀರ್ತನೆ ಓದಿ. ದುಃಖದ ಕೀರ್ತನೆಗಳು ಹೆಚ್ಚಾಗಿ ಕೊನೆಗೆ ಸ್ತುತಿಯ ಕಡೆ ತಿರುಗುತ್ತವೆ. ಇದು ಕತ್ತಲೆಯಲ್ಲೇ ಮುಗಿಯುತ್ತದೆ. ಆದರೂ ಅದು ಪ್ರಾರ್ಥನೆಯೇ. ಅಮ್ಮ ತೀರಿಕೊಂಡ ವರ್ಷ ನನ್ನ ಬಾಯಿಗೆ ಬರುತ್ತಿದ್ದದ್ದು ಅದೊಂದೇ.

17ನೇ ಶತಮಾನದಲ್ಲಿ ಪ್ಯಾರಿಸ್‌ನಲ್ಲಿ ಕಾರ್ಮೆಲೈಟ್ ಎಂಬ ಕ್ರೈಸ್ತ ಸನ್ಯಾಸಿಗಳ ಮಠದಲ್ಲಿ ಬ್ರದರ್ ಲಾರೆನ್ಸ್ ಅಂತ ಒಬ್ಬರಿದ್ದರು. ವರ್ಷಗಟ್ಟಲೆ ಅಡುಗೆಮನೆಯಲ್ಲಿ ದುಡಿದವರು. ಆ ಗದ್ದಲದ ನಡುವೆಯೂ ದೇವರ ಜೊತೆ ಮಾತಾಡಬಹುದು ಎಂಬುದು ಅವರ ಅನುಭವ. ಮನಸ್ಸು ಅಲೆದರೆ ಬೈದುಕೊಳ್ಳದೆ ಮೆಲ್ಲಗೆ ವಾಪಸ್ ಕರೆತನ್ನಿ ಎನ್ನುತ್ತಿದ್ದರು. ಈ ಮಾತು ನನಗೆ ತುಂಬಾ ಆಸರೆಯಾಗಿದೆ.

ಹಾಗಾಗಿ ರಾತ್ರಿಯ ಆ ಹೊತ್ತಿನ ಬಗ್ಗೆ ಸುಮ್ನೆ ಜಾಸ್ತಿ ಕೊರಗಬೇಡಿ. ಮಗುವಿಗೆ ಬಟ್ಟೆ ಹಾಕುವಾಗ ದೇವರಿಗೆ ಒಂದು ಮಾತು ಹೇಳಿ. ಮಾರ್ಕನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಒಬ್ಬ ತಂದೆ, ನಂಬುತ್ತೇನೆ, ನನ್ನ ಅಪನಂಬಿಕೆಯಲ್ಲಿ ಸಹಾಯ ಮಾಡು ಎಂದು ಕೂಗುತ್ತಾನೆ. ಅಷ್ಟೇ ಸಾಕು. ಯೇಸುಸ್ವಾಮಿ ಅವನನ್ನು ಹಿಂದಕ್ಕೆ ಕಳಿಸಲಿಲ್ಲ, ಅವನ ಮಗನನ್ನು ವಾಸಿಮಾಡಿದರು.