ಬೆಲೆ ಇಳಿದ ಕಾರು, ಇಳಿಯದ ಬಿಲ್ಲು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಬೆಂಗಳೂರಿನಲ್ಲಿ 2018ರ ಬಿಎಂಡಬ್ಲ್ಯು 630ಡಿ ಗ್ರ್ಯಾನ್ ಟುರಿಸ್ಮೊ (6 ಸೀರೀಸ್ ಜಿಟಿ) ಮಾರಾಟಕ್ಕಿದೆ. ಮೀಟರ್‌ನಲ್ಲಿ 71,000 ಕಿ.ಮೀ. ತೋರಿಸುತ್ತಿದೆ. ಹೊಸ ಕ್ರೆಟಾ ಟಾಪ್ ಮಾಡೆಲ್‌ಗೆ ಕೊಡುವ ದುಡ್ಡಿಗೆ ಸ್ವಲ್ಪ ಸೇರಿಸಿದರೆ ಕೈಗೆ ಬರುತ್ತೆ. ಕೊಳ್ಳಬಹುದೇ? ನೋಡಲು ಹೋದಾಗ ಏನೇನು ಪರೀಕ್ಷಿಸಬೇಕು?
(ಕುವೆಂಪುನಗರ, ಮೈಸೂರು)

ಉತ್ತರ: ಕೊಳ್ಳಬಹುದು. ಆದರೆ ಕ್ರೆಟಾ ಜೊತೆ ಹೋಲಿಸುವುದನ್ನು ಮೊದಲು ಬಿಡಿ. ಹೊಸದಾಗಿದ್ದಾಗ ಈ ಕಾರಿನ ಎಕ್ಸ್ ಷೋರೂಂ ಬೆಲೆಯೇ 60 ಲಕ್ಷದ ಮೇಲಿತ್ತು. ಈಗ ಕಾರಿನ ಬೆಲೆ ಅರ್ಧಕ್ಕಿಂತ ಕೆಳಗೆ ಬಂದಿರಬಹುದು, ಅದರ ಬಂಪರ್, ಹೆಡ್‌ಲೈಟ್, ಏರ್ ಸ್ಪ್ರಿಂಗ್‌ಗಳ ಬೆಲೆ ಬಂದಿಲ್ಲ. ಕೊಂಡ ಬೆಲೆಯ ಶೇ. 15ರಿಂದ 20ರಷ್ಟು ಹಣ ಮೊದಲ ವರ್ಷದ ರಿಪೇರಿಗೆ ಬೇರೆಯಾಗಿ ಇರಬೇಕು. ಅದಿಲ್ಲದೆ ಸಾಲದ ಕೊನೆ ರೂಪಾಯಿವರೆಗೂ ಎಳೆದು ಕೊಳ್ಳುವುದಾದರೆ ಬೇಡ.

ನೋಡಲು ಬೆಳಿಗ್ಗೆಯೇ ಹೋಗಿ, ನೀವು ಬರುವ ಮುಂಚೆ ಸ್ಟಾರ್ಟ್ ಮಾಡಬೇಡಿ ಅಂತ ಹಿಂದಿನ ದಿನವೇ ಹೇಳಿರಿ. ಬಾನೆಟ್ ಮುಟ್ಟಿ ನೋಡಿ, ತಣ್ಣಗಿರಬೇಕು. ಈ 3 ಲೀಟರ್, ಆರು ಸಿಲಿಂಡರ್ ಡೀಸೆಲ್ ಎಂಜಿನ್‌ನಲ್ಲಿ ಒಳಗಿನ ಭಾಗಗಳನ್ನು ಒಂದೇ ತಾಳದಲ್ಲಿ ತಿರುಗಿಸುವ ಟೈಮಿಂಗ್ ಚೈನ್ ಇರುವುದು ಹಿಂಬದಿಗೆ, ಗೇರ್‌ಬಾಕ್ಸ್ ಪಕ್ಕ. ಸ್ಟಾರ್ಟ್ ಆದ ಕೂಡಲೇ ಆ ಕಡೆಯಿಂದ ಸರಪಳಿ ಎಳೆದಂಥ ಗರಗರ ಸದ್ದು ಕೆಲವು ಸೆಕೆಂಡ್ ಬಂದರೂ ಅಲ್ಲಿಗೇ ಮಾತು ನಿಲ್ಲಿಸಿ. ಚೈನ್ ಬದಲಿಸಲು ಗೇರ್‌ಬಾಕ್ಸ್ ಇಳಿಸಬೇಕಾಗುತ್ತದೆ.

ಆಮೇಲೆ ಕೂಲಂಟ್. ಹೊರಗೆಲ್ಲೂ ಸೋರಿಕೆ ಕಾಣದೆ ಮಟ್ಟ ಮಾತ್ರ ಇಳಿಯುತ್ತಿದ್ದರೆ ಇಜಿಆರ್ ಕೂಲರ್ ಮೇಲೆ ಅನುಮಾನ ಪಡಿ. ಇದು ಹೊಗೆಯ ಒಂದು ಪಾಲನ್ನು ತಣಿಸಿ ಮತ್ತೆ ಎಂಜಿನ್‌ಗೆ ಕಳಿಸುವ ಭಾಗ. ಒಳಗೆ ಬಿರುಕು ಬಿಟ್ಟರೆ ಕೂಲಂಟ್ ಮಸಿಯ ಜೊತೆ ಸೇರಿ ಅಂಟಂಟಾಗಿ ಕೂರುತ್ತದೆ, ಹೊಗೆಯ ಬಿಸಿಗೆ ಅದಕ್ಕೆ ಬೆಂಕಿ ಹತ್ತುವುದೂ ಉಂಟು. ಬಿಎಂಡಬ್ಲ್ಯು ಡೀಸೆಲ್ ಕಾರುಗಳನ್ನು ಇದೇ ಕಾರಣಕ್ಕೆ 2018ರಲ್ಲಿ ದಕ್ಷಿಣ ಕೊರಿಯಾ ಮತ್ತು ಯುರೋಪ್‌ನಲ್ಲಿ ವಾಪಸ್ ಕರೆಸಿ ಸರಿಪಡಿಸಲಾಯಿತು. ಚಾಸಿ ನಂಬರ್ ಕೊಟ್ಟು, ಈ ಕಾರಿಗೆ ಯಾವುದಾದರೂ ರೀಕಾಲ್ ಬಾಕಿ ಇದೆಯೇ ಎಂದು ಕಂಪನಿಯ ಸರ್ವಿಸ್ ಸೆಂಟರ್‌ನಲ್ಲಿ ಕೇಳಿ. ಅಲ್ಲೇ ಸರ್ವಿಸ್ ಇತಿಹಾಸದ ಪ್ರಿಂಟ್ ಕೂಡ ಕೇಳಿ. ಮಾಲೀಕರು ಜೊತೆಗಿದ್ದರೆ ಕೆಲಸ ಸಲೀಸು.

71,000 ಅನ್ನುವ ಲೆಕ್ಕ ನಂಬುವ ಮುಂಚೆ ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿಸಿ. ಓಡಿದ ಕಿಲೋಮೀಟರ್ ಮೀಟರ್ ಬೋರ್ಡ್‌ನಲ್ಲಿ ಮಾತ್ರ ದಾಖಲಾಗುವುದಿಲ್ಲ, ಬೇರೆ ಕಂಟ್ರೋಲ್ ಯೂನಿಟ್‌ಗಳಲ್ಲೂ ಕೂತಿರುತ್ತದೆ. ಮೀಟರ್ ತಿರುಗಿಸುವವರು ಎಲ್ಲವನ್ನೂ ತಿದ್ದುವ ಗೋಜಿಗೆ ಹೋಗುವುದು ಕಡಿಮೆ. ಟೈರಿನ ಪಕ್ಕದಲ್ಲಿರುವ ನಾಲ್ಕಂಕಿ ನೋಡಿ: 2318 ಎಂದರೆ 2018ರ 23ನೇ ವಾರದಲ್ಲಿ ತಯಾರಾದದ್ದು. ಗ್ರಿಪ್ ಎಷ್ಟೇ ಉಳಿದಿರಲಿ, ಅಷ್ಟು ಹಳೆಯ ಟೈರಿನಲ್ಲಿ ಎಕ್ಸ್‌ಪ್ರೆಸ್‌ವೇ ಹತ್ತಬಾರದು. 19 ಇಂಚಿನ ರನ್‌ಫ್ಲ್ಯಾಟ್ (ಪಂಕ್ಚರ್ ಆದರೂ ಸ್ವಲ್ಪ ದೂರ ಓಡುವ) ಟೈರ್ ನಾಲ್ಕಕ್ಕೆ ಲಕ್ಷದ ಆಸುಪಾಸು ಆಗುತ್ತದೆ, ಆ ಮೊತ್ತವನ್ನು ಚೌಕಾಸಿಯಲ್ಲಿ ಇಳಿಸಿಕೊಳ್ಳಿ.

ಬೆಂಗಳೂರಿನ ಕಾರು ಎಂದಮೇಲೆ ನೀರಿನ ವಿಚಾರ ಹೇಳಲೇಬೇಕು. 2022ರ ಸೆಪ್ಟೆಂಬರ್ ಮಳೆಗೆ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆ ಕಡೆಯ ಬಡಾವಣೆಗಳಲ್ಲಿ ಕೋಟಿ ಬೆಲೆಯ ಕಾರುಗಳೂ ಮುಳುಗಿದ್ದು ನೆನಪಿರಬಹುದು. ಅಂಥ ಕಾರನ್ನು ತೊಳೆದು, ಪಾಲಿಶ್ ಹೊಡೆದು ನಿಲ್ಲಿಸಿದರೆ ಕಣ್ಣಿಗೆ ಗೊತ್ತಾಗದು. ಸೀಟ್‌ಬೆಲ್ಟನ್ನು ಕೊನೆವರೆಗೂ ಎಳೆದು, ಒಳಗೆ ಸುತ್ತಿಕೊಂಡಿದ್ದ ಭಾಗದಲ್ಲಿ ಕೆಸರಿನ ಗೆರೆ ಇದೆಯೇ ನೋಡಿ. ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ, ನೆಲಕ್ಕೆ ಬಿಗಿದ ಬೋಲ್ಟ್‌ಗಳಿಗೆ ಮೊಬೈಲ್ ಟಾರ್ಚ್ ಬಿಡಿ. ಎಂಟು ವರ್ಷಕ್ಕೆ ಆ ಬೋಲ್ಟ್‌ಗಳು ತುಕ್ಕು ಹಿಡಿಯುವಂಥವಲ್ಲ. ಡ್ರೈವರ್ ಕಾಲಡಿಯ ಕಾರ್ಪೆಟ್ ಮೂಲೆ ಎತ್ತಿ ಕೆಳಗಿನ ಫೋಮ್ ಒತ್ತಿ ಮೂಸಿ. ಒದ್ದೆ ಗೋಣಿಚೀಲದ ವಾಸನೆ ಬಂದರೆ ಹೊರಡಿ. ಡಿಕ್ಕಿಯ ನೆಲದ ಹಲಗೆಯನ್ನೂ ಎತ್ತಿಸಿ. ಬ್ಯಾಟರಿ ಇರುವುದು ಅಲ್ಲೇ, ತಗ್ಗು ಜಾಗವಾದ್ದರಿಂದ ನೀರು ನಿಲ್ಲುವುದೂ ಅಲ್ಲೇ. ಸುತ್ತಲಿನ ಕನೆಕ್ಟರ್‌ಗಳಲ್ಲಿ ಹಸಿರು ಪುಡಿ ಕಂಡರೆ ಆ ಕಾರು ನಿಮ್ಮನ್ನು ವರ್ಷಗಟ್ಟಲೆ ಗ್ಯಾರೇಜಿಗೆ ಅಲೆಸುತ್ತದೆ. 2022–23ರ ವಿಮಾ ಕ್ಲೇಮ್ ವಿವರ ಕೇಳಿದಾಗ ಮಾರುವವರು ತಡವರಿಸಿದರೂ ಅರ್ಥ ಅದೇ.

ಪ್ರಶ್ನೆ: ದೆಹಲಿ ನೋಂದಣಿಯ ಡೀಸೆಲ್ ಕಾರು ಇಲ್ಲಿಗಿಂತ ಐದಾರು ಲಕ್ಷ ಕಡಿಮೆಗೆ ಸಿಗುತ್ತಿದೆ. ತಂದು ಮಂಡ್ಯದ ಕೆಎ 11 ನಂಬರ್ ಮಾಡಿಸಿಕೊಂಡರೆ ಲಾಭವಲ್ಲವೇ?
(ಮದ್ದೂರು)

ಉತ್ತರ: ಲೆಕ್ಕ ಹಾಕಿ ನೋಡಿ. ಅಲ್ಲಿ ಅಗ್ಗವಾಗಲು ಮುಖ್ಯ ಕಾರಣ 10 ವರ್ಷ ದಾಟಿದ ಡೀಸೆಲ್ ವಾಹನಗಳ ವಿರುದ್ಧ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಕೊಟ್ಟ ಆದೇಶ. ಸುಪ್ರೀಂ ಕೋರ್ಟ್ 2018ರಲ್ಲಿ ಅದನ್ನು ಎತ್ತಿಹಿಡಿಯಿತು, 2025ರಲ್ಲಿ ಸಡಿಲಿಸಿತು. ಗಡುವು ಹತ್ತಿರ ಬಂದಂತೆಲ್ಲ ಅಲ್ಲಿನವರು ಬಂದ ಬೆಲೆಗೆ ಕೊಡುತ್ತಿದ್ದರು.

ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ಆಜೀವ ತೆರಿಗೆ ಶೇ. 18. ಹಳೇ ಕಾರಿಗೆ ವಯಸ್ಸಿನ ಪ್ರಕಾರ ಅದರಲ್ಲಿ ಕಡಿತ ಉಂಟು. ಆದರೆ ಲೆಕ್ಕ ಶುರುವಾಗುವುದು ನೀವು ಕೊಟ್ಟ ಬೆಲೆಯಿಂದಲ್ಲ, ಕಾರು ಹೊಸದಾಗಿದ್ದಾಗಿನ ಬೆಲೆಯಿಂದ. 60 ಲಕ್ಷದ ಕಾರಿಗೆ ಪೂರ್ತಿ ತೆರಿಗೆ 10.8 ಲಕ್ಷ. ವಯಸ್ಸಿನ ಕಡಿತ ಕಳೆದು ಎಷ್ಟು ಉಳಿಯುತ್ತದೆ ಎಂದು ಮಂಡ್ಯ ಆರ್‌ಟಿಒ ಕಚೇರಿಯಲ್ಲಿ ಇನ್‌ವಾಯ್ಸ್ ಪ್ರತಿ ತೋರಿಸಿ ಕೇಳಿ, ಆಮೇಲೆ ಮುಂಗಡ ಕೊಡಿ. ನೀವು ಹೇಳುವ ಐದಾರು ಲಕ್ಷದ ಬಹುಪಾಲು ಅಲ್ಲೇ ಕರಗುತ್ತದೆ.

ಕಾಗದದ ಕೆಲಸ ಹೀಗೆ: ಅಲ್ಲಿನ ಆರ್‌ಟಿಒದಿಂದ ಫಾರಂ 28ರಲ್ಲಿ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಮಾಲೀಕತ್ವ ಬದಲಾವಣೆಗೆ ಫಾರಂ 29 ಮತ್ತು 30, ಇಲ್ಲಿ ಹೊಸ ನಂಬರಿಗೆ ಫಾರಂ 27. ಸಾಲ ಇದ್ದ ಕಾರಾದರೆ ಬ್ಯಾಂಕಿನ ಸಹಿ ಇರುವ ಫಾರಂ 35 ಸಿಗುವವರೆಗೂ ಪೂರ್ತಿ ಹಣ ಕೊಡಬೇಡಿ. ಮೈಸೂರಿನ ಕೆಎ 09 ಅಥವಾ ಕೆಎ 55 ಕಾರನ್ನು ಮಂಡ್ಯದವರು ಕೊಂಡರೆ ಈ ತಾಪತ್ರಯ ಯಾವುದೂ ಇಲ್ಲ. ನಂಬರ್ ಅದೇ ಇರುತ್ತದೆ, ತೆರಿಗೆ ಮತ್ತೆ ಕಟ್ಟುವಂತಿಲ್ಲ. ವಿಮೆಯನ್ನು ಮಾತ್ರ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ಮಾರಿದವರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದಿದ್ದಕ್ಕೆ ಸಿಗುವ ರಿಯಾಯಿತಿ) ಅವರ ಜೊತೆಗೇ ಹೋಗುತ್ತದೆ, ಕಾರಿನ ಜೊತೆ ಬರುವುದಿಲ್ಲ.

ಪ್ರಶ್ನೆ: ಇದೇ 6 ಸೀರೀಸ್ ಜಿಟಿ ಕೊಂಡು ನಾಲ್ಕು ತಿಂಗಳಾಯಿತು. ಬೆಳಿಗ್ಗೆ ನೋಡಿದರೆ ಎಡಗಡೆ ಹಿಂಭಾಗ ಕುಸಿದಿರುತ್ತೆ. ಸ್ಟಾರ್ಟ್ ಮಾಡಿ ಒಂದು ನಿಮಿಷಕ್ಕೆ ಸರಿಹೋಗುತ್ತೆ. ಹಾಗೇ ಓಡಿಸಬಹುದೇ?
(ವಿಜಯನಗರ, ಮೈಸೂರು)

ಉತ್ತರ: ಓಡಿಸಿದರೆ ಈಗಿನ ಒಂದು ಭಾಗದ ಖರ್ಚು ಮೂರು ಭಾಗದ್ದಾಗುತ್ತದೆ. ಹಿಂದಿನ ಚಕ್ರಗಳ ಮೇಲೆ ಉಕ್ಕಿನ ಸ್ಪ್ರಿಂಗ್ ಬದಲು ಗಾಳಿ ತುಂಬಿದ ರಬ್ಬರ್ ಚೀಲಗಳಿವೆ (ಏರ್ ಸ್ಪ್ರಿಂಗ್). ಆರೇಳು ವರ್ಷಕ್ಕೆ ರಬ್ಬರ್ ಮಡಿಕೆಯಲ್ಲಿ ಕೂದಲೆಳೆಯಂಥ ಬಿರುಕು ಬರುತ್ತದೆ. ರಾತ್ರಿಯಿಡೀ ಗಾಳಿ ಸೋರಿ ಕಾರು ಕೂರುತ್ತದೆ, ಬೆಳಿಗ್ಗೆ ಕಂಪ್ರೆಸರ್ ಎದ್ದು ತುಂಬುತ್ತದೆ. ದಿನಕ್ಕೆ ಕೆಲವೇ ಸೆಕೆಂಡ್ ಕೆಲಸ ಮಾಡಲೆಂದು ಇಟ್ಟ ಕಂಪ್ರೆಸರ್ ನಿಮಿಷಗಟ್ಟಲೆ ಓಡಿ ಸುಡುತ್ತದೆ. ಅದರೊಳಗೆ ತೇವ ಹೀರುವ ಹರಳುಗಳಿವೆ, ಅವೂ ನೆನೆದು ಕೈಕೊಡುತ್ತವೆ. ಆಮೇಲೆ ತೇವ ವಾಲ್ವ್‌ಗೆ ಸೇರುತ್ತದೆ.

ಪರೀಕ್ಷೆಗೆ ಟೇಪ್ ಒಂದಿದ್ದರೆ ಸಾಕು. ಸಂಜೆ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಚಕ್ರದ ನಡುಬಿಂದುವಿನಿಂದ ಮೇಲಿನ ಫೆಂಡರ್ ಅಂಚಿನವರೆಗೆ ಎರಡೂ ಕಡೆ ಅಳೆದು ಬರೆದಿಡಿ. ಬೆಳಿಗ್ಗೆ ಬಾಗಿಲು ತೆಗೆಯುವ ಮುಂಚೆಯೇ ಮತ್ತೆ ಅಳೆಯಿರಿ, ಬಾಗಿಲು ತೆಗೆದರೆ ಸಿಸ್ಟಂ ಎಚ್ಚರವಾಗಿ ಎತ್ತಲು ಶುರುಮಾಡಬಹುದು. ಒಂದೇ ಕಡೆ ಇಳಿದಿದ್ದರೆ ಆ ಕಡೆಯ ಚೀಲ ಅಥವಾ ಪೈಪಿನ ಜಾಯಿಂಟ್. ಎರಡೂ ಕಡೆ ಸಮನಾಗಿ ಇಳಿದಿದ್ದರೆ ಎರಡೂ ಚೀಲಕ್ಕೆ ಗಾಳಿ ಹಂಚುವ ವಾಲ್ವ್ ಬ್ಲಾಕ್ ಕಡೆ ನೋಡಿ. ಲಿಫ್ಟ್ ಮೇಲೆ ಹಾಕಿ ಸೋಪಿನ ನೀರು ಸಿಂಪಡಿಸಿದರೆ ಗುಳ್ಳೆ ಎದ್ದ ಜಾಗವೇ ತೂತು.

ಚೀಲ ಬದಲಿಸುವಾಗ ಎಡ, ಬಲ ಎರಡನ್ನೂ ಬದಲಿಸಿ. ಒಂದು ಹೋದಮೇಲೆ ಇನ್ನೊಂದಕ್ಕೂ ವಯಸ್ಸು ಅಷ್ಟೇ. ಮೆಕ್ಯಾನಿಕ್‌ಗೆ ಎರಡು ಮಾತು ಹೇಳಿ: ಜಾಕ್ ಎತ್ತುವ ಮುಂಚೆ ಸಿಸ್ಟಂ ಆಫ್ ಆಗಿರಬೇಕು, ಹೊಸ ಚೀಲಕ್ಕೆ ಗಾಳಿ ತುಂಬುವ ಮುಂಚೆ ಕಾರಿನ ಭಾರ ಅದರ ಮೇಲೆ ಬೀಳಬಾರದು. ಖಾಲಿ ಚೀಲದ ಮೇಲೆ ಕಾರು ಇಳಿಸಿದರೆ ಮಡಿಕೆ ನುಲಿದು ಸಿಕ್ಕಿಕೊಂಡು ಹೊಸದೇ ಹರಿಯುತ್ತದೆ. ಕೊನೆಗೆ ಸ್ಕ್ಯಾನರ್‌ನಲ್ಲಿ ಎತ್ತರ ಹೊಂದಿಸಬೇಕು. ಕಂಪ್ರೆಸರ್ ಹೋಗಿಯೇಬಿಟ್ಟಿದ್ದರೆ ಅದಕ್ಕೆ ಕರೆಂಟ್ ಕೊಡುವ ಸ್ವಿಚ್ಚಾದ ರಿಲೇಯನ್ನೂ ಜೊತೆಗೆ ಬದಲಿಸಿ. ಹಳೇ ರಿಲೇ ಅಂಟಿಕೊಂಡರೆ ಹೊಸ ಕಂಪ್ರೆಸರ್ ನಿಲ್ಲದೆ ಓಡಿ ಅದೂ ಸುಡುತ್ತದೆ.

ಉಕ್ಕಿನ ಸ್ಪ್ರಿಂಗ್ ಹಾಕಿಸಿಬಿಡಿ ಎನ್ನುವವರು ಸಿಗುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಬೇಡ. ಈ ಕಾರು ಕೊಳ್ಳುವುದೇ ಆ ಸವಾರಿಗಾಗಿ.

ಪ್ರಶ್ನೆ: ಗೇರ್‌ಬಾಕ್ಸ್ ಆಯಿಲ್ ಜೀವನಪೂರ್ತಿ ಬದಲಿಸಬೇಕಿಲ್ಲ ಅಂತ ಸರ್ವಿಸ್‌ನವರು ಹೇಳಿದರು. ನಿಜವೇ?
(ಹೆಬ್ಬಾಳ, ಮೈಸೂರು)

ಉತ್ತರ: ಯಾರ ಜೀವನ ಅನ್ನುವುದು ಪ್ರಶ್ನೆ. ಗೇರ್‌ಬಾಕ್ಸ್ ತಯಾರಿಸಿದ ಜರ್ಮನಿಯ ಝಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿ.ಮೀ. ಅಥವಾ 8 ವರ್ಷಕ್ಕೆ ಬದಲಿಸಿ ಎನ್ನುತ್ತದೆ. ನಮ್ಮ ಬಿಸಿಲು, ಟ್ರಾಫಿಕ್‌ಗೆ 80,000ದಲ್ಲೇ ಮಾಡಿಸಿ.

ಕೆಳಗಿನ ಪ್ಯಾನ್ ಪ್ಲಾಸ್ಟಿಕ್‌ನದು, ಫಿಲ್ಟರ್ ಅದರಲ್ಲೇ ಸೇರಿದೆ. ಹಾಗಾಗಿ ಪ್ಯಾನ್ ಸಮೇತ ಹೊಸದು ಬೇಕು, ಬೋಲ್ಟ್‌ಗಳೂ ಹೊಸವು. ಆಯಿಲ್ ಝಡ್‌ಎಫ್ ಲೈಫ್‌ಗಾರ್ಡ್ 8 ಅಥವಾ ಅದಕ್ಕೆ ಸರಿಸಮಾನ ಎಂದು ಡಬ್ಬಿಯ ಮೇಲೆ ಬರೆದದ್ದು. ಪ್ಯಾನ್ ಬಿಚ್ಚಿದಾಗ ಪೂರ್ತಿ ಆಯಿಲ್ ಬರುವುದಿಲ್ಲ, ಒಂದು ಪಾಲು ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವಿನ ಟಾರ್ಕ್ ಕನ್ವರ್ಟರ್‌ನಲ್ಲೇ ಉಳಿಯುತ್ತದೆ. 7 ಲೀಟರ್ ತರಿಸಿಟ್ಟುಕೊಂಡರೆ ಸಾಕು. ತಪ್ಪಾಗುವುದು ಮಟ್ಟ ನೋಡುವಲ್ಲಿ. ಕಾರು ಲಿಫ್ಟ್ ಮೇಲೆ ನಾಲ್ಕೂ ಕಡೆ ಸಮನಾಗಿರಬೇಕು, ಎಂಜಿನ್ ಓಡುತ್ತಿರಬೇಕು, ಗೇರ್‌ಗಳನ್ನು ಒಂದೊಂದಾಗಿ ಹಾಕಿ ತೆಗೆದಿರಬೇಕು, ಆಯಿಲ್ ಬಿಸಿ 40 ಡಿಗ್ರಿ ಆಸುಪಾಸು ಇರಬೇಕು. ಆಗ ಪಕ್ಕದ ಪ್ಲಗ್‌ನಿಂದ ಆಯಿಲ್ ಎಳೆಯಾಗಿ ಹರಿದು ತೊಟ್ಟಿಕ್ಕುವ ಹಂತಕ್ಕೆ ಬಂದಾಗ ಪ್ಲಗ್ ಬಿಗಿಯಬೇಕು. ಬಿಸಿ ನೋಡಲು ಸ್ಕ್ಯಾನರ್ ಇಲ್ಲದ ಗ್ಯಾರೇಜಿಗೆ ಈ ಕೆಲಸ ಕೊಡಬೇಡಿ.

ಎಂಜಿನ್ ಆಯಿಲ್ ಪ್ರತಿ 10,000 ಕಿ.ಮೀ. ಅಥವಾ ವರ್ಷಕ್ಕೊಮ್ಮೆ. ಕಾರು ಸ್ಕ್ರೀನ್‌ನಲ್ಲಿ ಇನ್ನೂ ಟೈಮ್ ಇದೆ ಅಂತ ತೋರಿಸಿದರೂ ಅಷ್ಟೇ. ಡೀಸೆಲ್‌ಗೆ 5ಡಬ್ಲ್ಯು30, ಡಬ್ಬಿಯ ಮೇಲೆ ಬಿಎಂಡಬ್ಲ್ಯು ದರ್ಜೆ ಎಲ್‌ಎಲ್ 04 ಎಂದಿರಬೇಕು.

ಪ್ರಶ್ನೆ: ಮನೆ ಕಬ್ಬಿನ ಗದ್ದೆ ಪಕ್ಕ. ಕಾರು ವಾರಗಟ್ಟಲೆ ನಿಂತಿರುತ್ತೆ, ತೆಗೆದರೆ ಪೇಟೆಗೆ ಎರಡು ಕಿ.ಮೀ. ಅಷ್ಟೇ. ಈಗ ಡಿಪಿಎಫ್ ಲೈಟ್ ಬಂದಿದೆ, ಜೊತೆಗೆ ಇಲಿ ವೈರ್ ಕಡಿದಿದೆ.
(ಪಾಂಡವಪುರ)

ಉತ್ತರ: ನಿಮ್ಮ ಓಡಾಟಕ್ಕೆ ಡೀಸೆಲ್ ಹೊಂದುವುದಿಲ್ಲ, ಆದರೂ ಕೊಂಡಾಗಿದೆ. ಡಿಪಿಎಫ್ ಎಂದರೆ ಹೊಗೆಯ ಮಸಿ ಹಿಡಿಯುವ ಜರಡಿ. ತುಂಬಿದ ಮಸಿಯನ್ನು ಸುಡಲು ಅದಕ್ಕೆ ಬಿಸಿ ಬೇಕು. ಎರಡು ಕಿ.ಮೀ.ಗೆ ಎಂಜಿನ್ನೇ ಬೆಚ್ಚಗಾಗಿರುವುದಿಲ್ಲ. ಸುಡಲು ಶುರುಮಾಡಿ ಅರ್ಧಕ್ಕೆ ನಿಲ್ಲಿಸಿದರೆ, ಬಿಸಿ ಏರಿಸಲು ಎಂಜಿನ್‌ಗೆ ಹೆಚ್ಚಾಗಿ ಬಿಟ್ಟ ಡೀಸೆಲ್ ಎಂಜಿನ್ ಆಯಿಲ್‌ಗೆ ಇಳಿಯುತ್ತದೆ. ಆಯಿಲ್ ಮಟ್ಟ ಏರುತ್ತಿದ್ದರೆ ಖುಷಿಪಡಬೇಡಿ, ಕೂಡಲೇ ಬದಲಿಸಿ. ಎರಡು ವಾರಕ್ಕೊಮ್ಮೆ ಶ್ರೀರಂಗಪಟ್ಟಣದಲ್ಲಿ ಹೆದ್ದಾರಿ ಹತ್ತಿ ಮದ್ದೂರಿನವರೆಗೆ 80ರಿಂದ 100ರ ವೇಗದಲ್ಲಿ ಎಲ್ಲೂ ನಿಲ್ಲಿಸದೆ ಹೋಗಿ ಬನ್ನಿ. 100 ದಾಟಿದರೆ ಕ್ಯಾಮೆರಾ ನೋಡುತ್ತಿರುತ್ತದೆ. ಲೈಟ್ ಆಗಲೂ ಹೋಗದಿದ್ದರೆ ಸ್ಕ್ಯಾನರ್‌ನಿಂದ ಸುಡಿಸಬೇಕು. ಡಿಪಿಎಫ್ ಕಿತ್ತುಹಾಕಿ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ ಎನ್ನುವವರ ಮಾತು ಕೇಳಬೇಡಿ, ಅದು ಕಾನೂನಿಗೆ ವಿರುದ್ಧ.

ಇಲಿಗೆ ವಾಸನೆ ಸ್ಪ್ರೇಗಳು ನಾಲ್ಕು ದಿನ. ಕಬ್ಬು ಕಡಿದ ಮೇಲಂತೂ ಗದ್ದೆಯ ಇಲಿಗಳೆಲ್ಲ ಮನೆ ಕಡೆಗೇ ಬರುತ್ತವೆ. ರಾತ್ರಿ ಬಾನೆಟ್ ಎತ್ತಿಟ್ಟು ಒಳಗೆ ಒಂದು ಎಲ್‌ಇಡಿ ಬಲ್ಬ್ ತೂಗುಹಾಕುವುದು ಹಳ್ಳಿಯಲ್ಲಿ ಎಲ್ಲರೂ ಮಾಡುವ ಉಪಾಯ, ಕೆಲಸಕ್ಕೂ ಬರುತ್ತದೆ. ಎಸಿ ಗಾಳಿ ಒಳಹೋಗುವ ಕಿಂಡಿಗೆ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಕಟ್ಟಿಸಿ. ಕಡಿದ ವೈರಿಗೆ ಟೇಪ್ ಸುತ್ತಿ ಬಿಡದೆ ಬೆಸುಗೆ ಹಾಕಿಸಿ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯಾಗುವ ಕೊಳವೆ) ತೂರಿಸಿ. ನಿಂತ ಕಾರಿನ ಬ್ಯಾಟರಿ ಇಳಿಯದಂತೆ ಎಜಿಎಂ (ಈ ಕಾರಿನ ಬ್ಯಾಟರಿಯ ಬಗೆ) ಮೋಡ್ ಇರುವ ಮೆಂಟೆನೆನ್ಸ್ ಚಾರ್ಜರ್ ಹಾಕಿ. ಬ್ಯಾಟರಿ ಬದಲಿಸಿದಾಗ ಹೊಸದನ್ನು ಕಾರಿನ ಕಂಪ್ಯೂಟರಿಗೆ ನೋಂದಾಯಿಸಲೇಬೇಕು. ಇಲ್ಲವಾದರೆ ಅದು ಹಳೇ ಬ್ಯಾಟರಿ ಎಂದುಕೊಂಡೇ ಚಾರ್ಜ್ ಮಾಡಿ ಬೇಗ ಕೊಲ್ಲುತ್ತದೆ.

ಪ್ರಶ್ನೆ: ತಾತನ ಕಾಲದ ಕಾರ್ ಶೆಡ್‌ನಲ್ಲಿ 6 ಸೀರೀಸ್ ಜಿಟಿ ಹಿಡಿಯುತ್ತಾ?
(ಸರಸ್ವತಿಪುರಂ, ಮೈಸೂರು)

ಉತ್ತರ: ಆ ಶೆಡ್‌ಗಳನ್ನು ಅಂಬಾಸಡರ್ ಅಳತೆಗೆ ಕಟ್ಟಿದ್ದು, ಅದರ ಉದ್ದ ಸುಮಾರು 4.3 ಮೀಟರ್. ನಿಮ್ಮ ಕಾರಿನದು 5.09 ಮೀಟರ್, ಅಗಲ 1.9 ಮೀಟರ್. ಹಿಂದೆ ಡಿಕ್ಕಿ ಬಾಗಿಲು ಮೇಲಕ್ಕೆ ತೆರೆಯಲು ಇನ್ನೂ ಒಂದು ಮೀಟರ್ ಇರಲಿ. ಶೆಡ್ ಒಳಗೆ 6.1 ಮೀಟರ್ ಉದ್ದ, 2.9 ಮೀಟರ್ ಅಗಲ ಇಲ್ಲದಿದ್ದರೆ ಕಾರು ಒಳಗೆ ಹೋದರೂ ನೀವು ಹೊರಗೆ ಬರಲು ಕಷ್ಟ. ಗೇಟಿನ ಬಳಿಯ ಇಳಿಜಾರನ್ನೂ ನೋಡಿ. ಚರಂಡಿ ಮೇಲಿನ ಚಪ್ಪಡಿ ಎದ್ದಿದ್ದರೆ ಮುಂದಿನ ಬಂಪರ್‌ನ ಅಡಿ ಮೊದಲ ದಿನವೇ ಉಜ್ಜುತ್ತದೆ.