ಕುದಿಸಿದರೆ ಆರ್ಸೆನಿಕ್ ಹೋಗುತ್ತದೆಯೇ?

ಪ್ರಶ್ನೆ: ಎಂಟು ವರ್ಷಗಳಿಂದ ಬೋರ್‌ವೆಲ್ ನೀರನ್ನೇ ಕುಡಿಯುತ್ತಿದ್ದೇವೆ. ಈಚೆಗೆ ಪರೀಕ್ಷೆ ಮಾಡಿಸಿದಾಗ ಲೀಟರಿಗೆ 60 ಮೈಕ್ರೋಗ್ರಾಂ ಆರ್ಸೆನಿಕ್ ಇದೆ ಎಂದು ಬಂತು. ನೀರು ತಿಳಿಯಾಗಿದೆ, ರುಚಿಯೂ ಚೆನ್ನಾಗಿದೆ. ಮನೆಯಲ್ಲಿ ಯಾರಿಗೂ ಏನೂ ಆಗಿಲ್ಲ. ಕುದಿಸಿ ಕುಡಿದರೆ ಸಾಕಲ್ವಾ? ಸ್ನಾನಕ್ಕೆ ಬಳಸಬಹುದೇ?

ಉತ್ತರ: ಕುದಿಸಿದರೆ ಸಾಲದು. ಕುದಿಸುವಾಗ ನೀರು ಆವಿಯಾಗಿ ಹೋಗುತ್ತದೆ, ಆರ್ಸೆನಿಕ್ ಪಾತ್ರೆಯಲ್ಲೇ ಉಳಿಯುತ್ತದೆ. ಉಳಿದ ನೀರಿನಲ್ಲಿ ಅದರ ಪ್ರಮಾಣ ಇನ್ನಷ್ಟು ಜಾಸ್ತಿಯಾಗುತ್ತದೆ. ಕುದಿಸುವುದು ರೋಗಾಣುಗಳಿಗೆ ಮದ್ದು, ಆರ್ಸೆನಿಕ್‌ಗೆ ಅಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ನಿಮ್ಮ ನೀರಿನಲ್ಲಿ ಅದರ ಆರು ಪಟ್ಟು ಇದೆ. ಕುಡಿಯಲು ಮತ್ತು ಅಡುಗೆಗೆ ಇವತ್ತೇ ಬೇರೆ ನೀರು ನೋಡಿಕೊಳ್ಳಿ. ಅಡುಗೆಯನ್ನು ಹಲವರು ಮರೆಯುತ್ತಾರೆ. ಕಾಳು ಬೇಯುವಾಗ ಹೀರಿಕೊಂಡ ನೀರೂ ಹೊಟ್ಟೆಗೇ ಹೋಗುತ್ತದೆ. ಸ್ನಾನ, ಬಟ್ಟೆ ಒಗೆಯುವುದಕ್ಕೆ ಈ ನೀರು ಬಳಸಬಹುದು, ಏಕೆಂದರೆ ಆರ್ಸೆನಿಕ್ ಚರ್ಮದ ಮೂಲಕ ಒಳಗೆ ಹೋಗುವುದು ತೀರಾ ಕಡಿಮೆ.

'ಯಾರಿಗೂ ಏನೂ ಆಗಿಲ್ಲ' ಎಂದು ಬರೆದಿದ್ದೀರಿ. ನನಗೆ ಆತಂಕವಾಗಿದ್ದು ಆ ಮಾತಿನಿಂದಲೇ. ಈ ವಿಷಕ್ಕೆ ಬಣ್ಣ, ವಾಸನೆ, ರುಚಿ ಯಾವುದೂ ಇಲ್ಲ. ಲಕ್ಷಣ ಕಾಣಲು ಐದು, ಹತ್ತು ವರ್ಷ, ಕೆಲವೊಮ್ಮೆ ಇನ್ನೂ ಜಾಸ್ತಿ ಹಿಡಿಯುತ್ತದೆ. ಸಾಮಾನ್ಯವಾಗಿ ಮೊದಲು ಗೊತ್ತಾಗುವುದು ಚರ್ಮದಲ್ಲಿ. ಎದೆ, ಬೆನ್ನಿನ ಮೇಲೆ ಮಳೆ ಹನಿ ಬಿದ್ದ ಹಾಗೆ ಕಪ್ಪು ಮತ್ತು ಬಿಳಿ ಚುಕ್ಕೆಗಳು ಬರುತ್ತವೆ. ಅಂಗೈ, ಅಂಗಾಲು ಗಟ್ಟಿಯಾಗಿ ಗಂಟು ಕಟ್ಟುತ್ತವೆ. ಇದು ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ. ಮುಂದೆ ಚರ್ಮ, ಶ್ವಾಸಕೋಶ ಮತ್ತು ಮೂತ್ರಕೋಶದ ಕ್ಯಾನ್ಸರ್ ಬರುವ ಅಪಾಯವಿದೆ. ಬೀಡಿ, ಸಿಗರೇಟು ಸೇದುವವರಿಗೆ ಶ್ವಾಸಕೋಶದ ಅಪಾಯ ಇನ್ನೂ ಹೆಚ್ಚು. ಮನೆಯಲ್ಲಿ ಗರ್ಭಿಣಿ ಅಥವಾ ಮಕ್ಕಳಿದ್ದರೆ ಒಂದು ದಿನವೂ ತಡ ಮಾಡಬೇಡಿ.

ಇದು ಯಾರೋ ಬೆರೆಸಿದ ವಿಷವೇ ಆಗಬೇಕೆಂದಿಲ್ಲ. ಬಹಳಷ್ಟು ಕಡೆ ನೆಲದೊಳಗಿನ ಕಲ್ಲು, ಮಣ್ಣಿನಿಂದಲೇ ನೀರಿಗೆ ಇಳಿಯುತ್ತದೆ. ಬಾಂಗ್ಲಾದೇಶದಲ್ಲಿ ಆಗಿದ್ದು ಅದೇ. ಕೆರೆ ನೀರಿನಿಂದ ಬರುತ್ತಿದ್ದ ವಾಂತಿಭೇದಿ ತಪ್ಪಿಸಲೆಂದು 1970ರ ದಶಕದಲ್ಲಿ ಅಲ್ಲಿ ಲಕ್ಷಾಂತರ ಕೊಳವೆ ಬಾವಿಗಳನ್ನು ಕೊರೆದರು. ಒಳ್ಳೆಯ ಉದ್ದೇಶವೇ. ಆದರೆ ಆ ನೀರಿನಲ್ಲಿ ಆರ್ಸೆನಿಕ್ ಇರುವುದು 1990ರ ದಶಕದಲ್ಲಷ್ಟೇ ಖಚಿತವಾಯಿತು. ಆಮೇಲೆ ಬಾವಿಗಳನ್ನು ಪರೀಕ್ಷಿಸಿ, ಅಪಾಯ ಇರುವುದಕ್ಕೆ ಕೆಂಪು, ಇಲ್ಲದ್ದಕ್ಕೆ ಹಸಿರು ಬಣ್ಣ ಬಳಿದರು. ಅಕ್ಕಪಕ್ಕದ ಎರಡು ಬಾವಿಗಳಲ್ಲಿ ಒಂದು ಕೆಂಪು, ಇನ್ನೊಂದು ಹಸಿರು ಆಗಿದ್ದೂ ಉಂಟು. ಹಾಗಾಗಿ ಪಕ್ಕದ ಮನೆಯವರ ವರದಿ ನೋಡಿ ಸುಮ್ನೆ ಧೈರ್ಯ ತಂದುಕೊಳ್ಳಬೇಡಿ. ಅವರ ನೀರು ಬೇರೆ, ನಿಮ್ಮದು ಬೇರೆ.

ಕ್ಯಾಂಡಲ್ ಫಿಲ್ಟರ್, ಯುವಿ ಫಿಲ್ಟರ್ ಇದಕ್ಕೆ ಪ್ರಯೋಜನವಿಲ್ಲ. ಆರ್‌ಒ ಬಹುಪಾಲು ತೆಗೆಯುತ್ತದೆ, ಆದರೆ ಆರ್ಸೆನಿಕ್‌ನ ಒಂದು ರೂಪ ಅದನ್ನೂ ಅಷ್ಟಿಷ್ಟು ದಾಟಿಬಿಡುತ್ತದೆ. ಯಾವುದೇ ಯಂತ್ರ ಹಾಕಿಸಿದರೂ ಅದರಿಂದ ಬಂದ ನೀರನ್ನು ಮತ್ತೆ ಪರೀಕ್ಷೆ ಮಾಡಿಸಿ.

ನೀರು ಬದಲಿಸಿದ ಕೆಲವೇ ದಿನಗಳಲ್ಲಿ ದೇಹದಲ್ಲಿರುವ ಆರ್ಸೆನಿಕ್‌ನ ಹೆಚ್ಚಿನ ಭಾಗ ಮೂತ್ರದಲ್ಲಿ ಹೊರಹೋಗುತ್ತದೆ. ಆದರೆ ವರ್ಷಗಟ್ಟಲೆ ಕುಡಿದ ಮೇಲೆ ಕ್ಯಾನ್ಸರ್ ಅಪಾಯ ತಕ್ಷಣ ಇಳಿಯುವುದಿಲ್ಲ. ಆದ್ದರಿಂದ ಮನೆಯವರೆಲ್ಲ ಒಮ್ಮೆ ವೈದ್ಯರಿಗೆ ಚರ್ಮ ತೋರಿಸಿ, ನೀರಿನ ವರದಿಯನ್ನೂ ಜೊತೆಗೆ ಒಯ್ಯಿರಿ. ಅವರು ಮೂತ್ರ ಪರೀಕ್ಷೆ ಹೇಳಿದರೆ, ಅದಕ್ಕೆ ಮೊದಲು ಮೂರ್ನಾಲ್ಕು ದಿನ ಮೀನು, ಸಿಗಡಿ ತಿನ್ನಬೇಡಿ. ಅವುಗಳಲ್ಲಿರುವ ಹೆಚ್ಚಿನ ಆರ್ಸೆನಿಕ್ ಅಪಾಯವಿಲ್ಲದ ಬಗೆಯದು, ಆದರೆ ವರದಿಯ ಅಂಕಿಯನ್ನು ಏರಿಸಿ ದಿಕ್ಕು ತಪ್ಪಿಸುತ್ತದೆ.