ಗಡಿಯಾರ ಬಿಡಿ, ನೆರಳು ನೋಡಿ

ಬೆಳಗ್ಗೆ ಏಳಕ್ಕೆ ಅರ್ಧ ಗಂಟೆ ಗಿಡಗಳ ಮಧ್ಯೆ ನಿಂತರೆ ವಿಟಮಿನ್ ಡಿ ಸಾಕಲ್ವಾ, ಇಲ್ಲ ಕ್ಯಾನ್ಸರ್ ಭಯಕ್ಕೆ ಬಿಸಿಲೇ ಬೇಡವಾ ಅಂತ ಕೇಳಿದ್ದೀರಿ. ವರ್ಷಗಟ್ಟಲೆ ತೋಟದಲ್ಲಿ ಬಿಸಿಲು ಕಂಡವನು ನಾನು. ಸ್ವಲ್ಪ ಉದ್ದ ಆದರೂ ಪೂರ್ತಿ ಬರೆಯುತ್ತೇನೆ.

ಏಳು ಗಂಟೆಯ ಬಿಸಿಲು ಒಳ್ಳೆಯದೇ. ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ರಾತ್ರಿ ಹೊತ್ತಿಗೆ ಸರಿಯಾಗಿ ನಿದ್ದೆ ಬರುತ್ತದೆ. ಆದರೆ ವಿಟಮಿನ್ ಡಿಗೆ ಅದನ್ನೇ ನಂಬಿ ಕೂರಬೇಡಿ. ಚರ್ಮದಲ್ಲಿ ಡಿ ಆಗುವುದು ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ಯುವಿಬಿ ಅನ್ನುವ ಕಿರಣದಿಂದ. ಸೂರ್ಯ ಕೆಳಗಿದ್ದಾಗ ಬಿಸಿಲು ಓರೆಯಾಗಿ ಬರುತ್ತದೆ, ಯುವಿಬಿಯ ಹೆಚ್ಚುಪಾಲನ್ನು ಓಝೋನ್ ಪದರವೇ ಹೀರಿಬಿಡುತ್ತದೆ.

ಹಾಗಾಗಿ ನಿಮ್ಮ ನೆರಳು ನೋಡಿ. ಸಮತಟ್ಟಾದ ನೆಲದಲ್ಲಿ ನೆಟ್ಟಗೆ ನಿಂತಾಗ ನೆರಳು ನಿಮಗಿಂತ ಉದ್ದವಿದ್ದರೆ ಯುವಿಬಿ ಕಡಿಮೆ. ಗಿಡ್ಡವಾಗಿದ್ದರೆ ಜಾಸ್ತಿ. ಡಿ ಆಗುವುದೂ ಆಗಲೇ, ಚರ್ಮ ಸುಡುವುದೂ ಆಗಲೇ. ಗಾಜಿನ ಕಿಟಕಿ ಹಿಂದೆ ಕೂತರೆ ಮಾತ್ರ ಎರಡು ಕಡೆಯೂ ನಷ್ಟ. ಗಾಜು ಯುವಿಬಿಯನ್ನು ತಡೆಯುತ್ತದೆ, ಚರ್ಮ ಸುಕ್ಕುಗಟ್ಟಿಸುವ ಯುವಿಎ ಅನ್ನುವ ಇನ್ನೊಂದು ಕಿರಣವನ್ನು ಬಹಳಷ್ಟು ಒಳಗೆ ಬಿಡುತ್ತದೆ.

ನನ್ನ ಪ್ರಕಾರ ಮುಖ್ಯ ವಿಷಯ ಇದು. ಒಂದು ಹೊತ್ತಿಗೆ ಚರ್ಮ ಮಾಡುವ ಡಿಗೆ ಮಿತಿ ಇದೆ. ಅದಾದ ಮೇಲೆ ಎಷ್ಟು ನಿಂತರೂ ಹೆಚ್ಚಾಗಿ ಆದದ್ದು ಅಲ್ಲೇ ಒಡೆದು ಬೇರೆ ಪದಾರ್ಥವಾಗುತ್ತದೆ. ಹಾನಿಗೆ ಅಂಥ ಮಿತಿ ಇಲ್ಲ. ಇವತ್ತಿನದು ನಾಳೆಯದಕ್ಕೆ ಕೂಡುತ್ತಾ ಹೋಗುತ್ತದೆ. ಅದಕ್ಕೇ ವಾರಕ್ಕೊಮ್ಮೆ ಮೂರು ಗಂಟೆ ಸುಡುವ ಬದಲು, ವಾರದಲ್ಲಿ ಕೆಲವು ದಿನ ಕೈಕಾಲು ಬಿಟ್ಟು ಸ್ವಲ್ಪ ಹೊತ್ತು ನಿಲ್ಲಿ. ಬೆಳ್ಳಗಿನ ಚರ್ಮಕ್ಕೆ ಮಧ್ಯಾಹ್ನದ ಹತ್ತು ನಿಮಿಷ ಸಾಕಾಗಬಹುದು. ಕಪ್ಪು ಚರ್ಮಕ್ಕೆ ಅದರ ಕೆಲವು ಪಟ್ಟು ಬೇಕು, ಏಕೆಂದರೆ ಚರ್ಮಕ್ಕೆ ಕಪ್ಪು ಬಣ್ಣ ಕೊಡುವ ಮೆಲನಿನ್ ಕಿರಣವನ್ನು ತಡೆಯುತ್ತದೆ. ಚರ್ಮ ಕೆಂಪಾಗಿ ಉರಿಯುವ ತನಕ ಯಾರೂ ನಿಲ್ಲಬಾರದು.

ಕ್ಯಾನ್ಸರ್ ಭಯ ಸುಮ್ನೆ ಹುಟ್ಟಿದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1992ರಲ್ಲೇ ಬಿಸಿಲನ್ನು ಕ್ಯಾನ್ಸರ್ ತರುವವುಗಳ ಮೊದಲ ಗುಂಪಿಗೆ ಸೇರಿಸಿದೆ. ಆದರೆ ಆ ಗುಂಪು ಹೇಳುವುದು ಪುರಾವೆ ಗಟ್ಟಿ ಅಂತ, ಅಪಾಯ ಎಷ್ಟು ಅಂತಲ್ಲ. ಬೆಳ್ಳಗಿನವರಿಗೆ ಅಪಾಯ ಬಹಳ ಜಾಸ್ತಿ, ಕಪ್ಪಗಿನವರಿಗೆ ಕಡಿಮೆ. ಕಣ್ಣಿಗೆ ಮಾತ್ರ ಈ ಭೇದ ಇಲ್ಲ. ಪೊರೆ ಬರುವುದಕ್ಕೆ ಬಿಸಿಲೂ ಒಂದು ಕಾರಣ.

ನನ್ನ ಕತ್ತಿನ ಕಥೆ ಹೇಳುತ್ತೇನೆ. ಮುಂದೆ ಮಾತ್ರ ಅಂಚಿರುವ ಕ್ಯಾಪ್ ಹಾಕಿಕೊಂಡು ವರ್ಷಗಟ್ಟಲೆ ಬಗ್ಗಿ ಕಳೆ ಕಿತ್ತೆ. ಮುಖ ನೆರಳಲ್ಲಿತ್ತು, ಕತ್ತು ಬಿಸಿಲಲ್ಲಿತ್ತು. ಈಗ ಅಲ್ಲಿ ಚರ್ಮ ದಪ್ಪಗಾಗಿ, ಗೆರೆಗಳು ಒಂದನ್ನೊಂದು ಕತ್ತರಿಸಿ ಬಲೆ ಹಾಸಿದಂತಿದೆ. ಎರಡು ಬೆರಳು ಕೆಳಗೆ, ಕಾಲರ್ ಮುಚ್ಚಿದ ಕಡೆ, ಚರ್ಮ ಮೆತ್ತಗೇ ಇದೆ. ಈಗ ಸುತ್ತಲೂ ಮೂರು ಇಂಚು ಅಂಚಿರುವ ಟೋಪಿ ಹಾಕುತ್ತೇನೆ. ಉದ್ದ ತೋಳಿನ ಅಂಗಿಯನ್ನು ಬೆಳಕಿಗೆ ಹಿಡಿದು ನೋಡುತ್ತೇನೆ. ನೇಯ್ಗೆಯಲ್ಲಿ ಬೆಳಕು ಕಂಡರೆ ಅದು ತೋಟಕ್ಕಲ್ಲ. ಹತ್ತಿ ಬಟ್ಟೆ ಬೆವರಿಗೆ ಒದ್ದೆಯಾದರೆ ಇನ್ನೂ ಜಾಸ್ತಿ ಕಿರಣ ಒಳಗೆ ಬಿಡುತ್ತದೆ. ಬಟ್ಟೆ ಮುಚ್ಚದ ಕಡೆ ಎಸ್‌ಪಿಎಫ್ (ಬಿಸಿಲು ಸುಡದಂತೆ ಎಷ್ಟು ತಡೆಯುತ್ತದೆ ಅನ್ನುವ ಅಳತೆ) 30ರ ಸನ್‌ಸ್ಕ್ರೀನ್, ಎರಡು ಗಂಟೆಗೊಮ್ಮೆ. ಕಿವಿ ಮರೀಬೇಡಿ.

ಡಿ ಕಡಿಮೆ ಅಂತ ರಕ್ತಪರೀಕ್ಷೆಯಲ್ಲಿ ಬಂದರೆ ಬಿಸಿಲಲ್ಲೇ ಸರಿ ಮಾಡ್ತೀನಿ ಅಂತ ಹಟ ಬೇಡ. ವೈದ್ಯರು ಹೇಳಿದಷ್ಟೇ ಮಾತ್ರೆ ತಗೊಳ್ಳಿ. ಬಿಸಿಲಿನಿಂದ ಡಿ ವಿಷವಾಗುವಷ್ಟು ಏರುವುದಿಲ್ಲ. ಮಾತ್ರೆ ಅತಿಯಾದರೆ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಪೆಟ್ಟು ಬೀಳಬಹುದು.

ಬೇರೆ ಮಾತ್ರೆ ಏನಾದರೂ ನಡೀತಿದೆಯಾ? ಸೋಂಕಿಗೆ ಕೊಡುವ ಡಾಕ್ಸಿಸೈಕ್ಲಿನ್, ಬಿಪಿಗೆ ಕೊಡುವ ಹೈಡ್ರೋಕ್ಲೋರೋಥಯಾಜೈಡ್ ಇದ್ದರೆ ಚರ್ಮ ಬೇಗ ಸುಡುತ್ತದೆ. ಅಂಥದ್ದಿದ್ದರೆ ಮೊದಲು ವೈದ್ಯರನ್ನು ಕೇಳಿ, ಆಮೇಲೆ ಬಿಸಿಲಿಗೆ ನಿಲ್ಲಿ.